ಅಡುಗೆಮನೆ ಮೆಟ್ಟಿಲು

ಆರೋಹಿಗಳ ಸಂಘದ ಅಧ್ಯಕ್ಷನ ಷೂಗಳು ಹೊಸ ಸೋಲ್ ಹಾಕಿಸಿಕೊಳ್ಳಲು ಆ ಅಂಗಡಿಗೆ ಬಂದದ್ದು ಸಂಘದ ಸುವರ್ಣ ಮಹೋತ್ಸವ ಹತ್ತಿರ ಬಂದಾಗ. ಬಂಡೆ ಹತ್ತುವವರ ಷೂ ಉಳಿದವರ ಷೂಗಳ ಹಾಗಲ್ಲ. ಕಾಲಿಗಿಂತ ಒಂದು ಅಳತೆ ಚಿಕ್ಕದು, ಮೂತಿ ಕೊಕ್ಕಿನಂತೆ ಬಾಗಿದ್ದು, ಅಡಿಗೆ ನುಣುಪು ರಬ್ಬರು. ವರ್ಷ ಎರಡು ವರ್ಷಕ್ಕೆ ಹೆಬ್ಬೆರಳ ಕೆಳಗೆ ಸವೆದು ತೂತು ಬೀಳುತ್ತದೆ. ಹಾಗೆ ತೂತು ಬಿದ್ದವಕ್ಕೆ ಮತ್ತೆ ಜೀವ ಕೊಡುವ ಅಂಗಡಿ ಆ ಊರಿನಲ್ಲಿದ್ದದ್ದು ಅದೊಂದೇ. ಬಸ್ ನಿಲ್ದಾಣದ ಹಿಂದಿನ ಬೀದಿ, ಬೀಗ ರಿಪೇರಿಯವನ ಪಕ್ಕ. ಒಂದು ಕಿಟಕಿ, ಒಂದು ಸಾಣೆ ಯಂತ್ರ, ಗೋಡೆ ತುಂಬ ತೂಗುಬಿಟ್ಟ ಷೂ ಜೋಡಿಗಳು, ಒಳಗೆ ಕಾಲಿಟ್ಟರೆ ಮೂಗಿಗೆ ಅಡರುವ ರಬ್ಬರು ಮತ್ತು ಅಂಟಿನ ವಾಸನೆ.

ಅಂಗಡಿಯವಳನ್ನು ಬಂಡೆ ಹತ್ತುವವರೆಲ್ಲ ಮೊಳೆ ಎಂದು ಕರೆಯುತ್ತಿದ್ದರು. ಹರೆಯದಲ್ಲಿ ಅಷ್ಟು ತೆಳ್ಳಗಿದ್ದಳು, ಯಾವ ಬಿರುಕಿಗೆ ಹೊಕ್ಕರೂ ಅಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದಳು. ಈಗ ಐವತ್ತು ದಾಟಿ ಕೂದಲು ಅರ್ಧ ಬೆಳ್ಳಗಾಗಿದೆ, ಹೆಸರು ಮಾತ್ರ ಹಾಗೇ ಇದೆ. ಕಿಟಕಿಯ ಬಳಿ ಎತ್ತರದ ಸ್ಟೂಲಿನ ಮೇಲೆ ಕೂತು ಹೊಲಿಗೆ ಹಾಕುವವಳು ಅವಳ ತಂಗಿ. ತಂಗಿಯ ಎಡಗಾಲು ಮಡಚುವುದಿಲ್ಲ. ಆ ಕಾಲಿಗೆಂದೇ ಎದುರಿಗೆ ಇನ್ನೊಂದು ಸ್ಟೂಲು.

ಷೂ ತಂದವಳು ಸಂಘದ ಕಾರ್ಯದರ್ಶಿ. ಹುದ್ದೆಗೆ ಹೊಸಬಳು, ಚುರುಕಿನವಳು, ಯಾವಾಗಲೂ ಎರಡು ಕೆಲಸ ಒಟ್ಟಿಗೆ ಹೊತ್ತುಕೊಂಡೇ ಓಡಾಡುವವಳು. ಷೂಗಳನ್ನು ಮೇಜಿನ ಮೇಲಿಟ್ಟು, ಬಗಲಲ್ಲಿದ್ದ ದಪ್ಪ ಪುಸ್ತಕವನ್ನು ಅದರ ಪಕ್ಕಕ್ಕೆ ಇಳಿಸಿದಳು.

"ಅಧ್ಯಕ್ಷರದ್ದು. ಉತ್ಸವದ ದಿನಕ್ಕೆ ಬೇಕಂತೆ. ಪ್ರತಿ ವರ್ಷ ಅತಿಥಿಗಳ ಮುಂದೆ ಯಾವುದಾದ್ರೂ ಒಂದು ಸುಲಭದ ದಾರಿ ಹತ್ತಿ ತೋರಿಸ್ತಾರಲ್ಲ, ಅದಕ್ಕೆ."

"ಗೊತ್ತು," ಎಂದಳು ಮೊಳೆ, ಷೂವಿನ ಮೂತಿಯನ್ನು ಹೆಬ್ಬೆರಳಿನಿಂದ ಅದುಮಿ ನೋಡುತ್ತ. "ಈ ಪುಸ್ತಕ ಏನು?"

"ಸಂಘದ ಐವತ್ತು ವರ್ಷದ ಚರಿತ್ರೆ. ಅಧ್ಯಕ್ಷರೇ ಬರೆದಿರೋದು. ಅವತ್ತೇ ಬಿಡುಗಡೆ."

ತಂಗಿ ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳಿದಳು, "ಒಳ್ಳೆ ಇಟ್ಟಿಗೆ ಥರ ಇದೆ. ಹೆಂಗಸರಿಗೆ ಎಷ್ಟು ಪುಟ ಕೊಟ್ಟಿದ್ದಾರೆ?"

ಕಾರ್ಯದರ್ಶಿಗೆ ನಗುವೂ ಬಂತು, ಮುಜುಗರವೂ ಆಯಿತು. "ಪುಟ ಇಲ್ಲಮ್ಮ. ಸಾಲು ಇದೆ." ಹುಡುಕಿ ಓದಿದಳು: "'ಈ ಸಾಹಸಗಳಲ್ಲಿ ಕೆಲವು ಮಹಿಳೆಯರೂ ಉತ್ಸಾಹದಿಂದ ಭಾಗವಹಿಸಿದ್ದುಂಟು.'"

"ಉತ್ಸಾಹದಿಂದ," ಎಂದಳು ತಂಗಿ. "ಪರವಾಗಿಲ್ಲ. ನಮ್ಮತ್ತಿಗೆ ಕೇಳಿದ್ದಿದ್ರೆ ಕುಣಿದಾಡಿಬಿಡೋಳು."

"ಇನ್ನೊಂದು ಕಡೆನೂ ಇದೆ. ಇರಿ." ಕಾರ್ಯದರ್ಶಿ ಹಾಳೆ ಮಗುಚಿದಳು. "'ಅಡುಗೆಮನೆ ಮೆಟ್ಟಿಲಿನಂಥ ಅತಿ ಸುಲಭದ ದಾರಿಯಲ್ಲೂ ಹುಡುಗಿಯೊಬ್ಬಳು ಅಜಾಗರೂಕತೆಯಿಂದ ಬಿದ್ದು ಅಂಗವಿಕಲಳಾದದ್ದು ನಮಗೊಂದು ಪಾಠವಾಯಿತು. ಅಂದಿನಿಂದ ಹೊಸಬರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಅವರ ಪಾಡಿಗೆ ಬಿಡುವುದನ್ನು ಸಂಘ ನಿಲ್ಲಿಸಿತು.'"

ಸಾಣೆ ಯಂತ್ರ ಇಷ್ಟು ಹೊತ್ತೂ ಗುಂಯ್ಗುಡುತ್ತಲೇ ಇತ್ತು. ಮೊಳೆ ಕೈ ಚಾಚಿ ಅದನ್ನು ನಿಲ್ಲಿಸಿದಳು.

"ಪಾಪ, ಯಾವಳೋ ದಡ್ಡಿ," ಎಂದಳು ತಂಗಿ, ಮಡಚದ ಕಾಲನ್ನು ಸ್ಟೂಲಿನ ಮೇಲೆ ಒಂದಿಷ್ಟು ಸರಿಸಿಕೊಳ್ಳುತ್ತ.

ಕಾರ್ಯದರ್ಶಿಗೆ ಅದು ಅರ್ಥವಾಗುವಂತಿರಲಿಲ್ಲ. ಪುಸ್ತಕದಲ್ಲಿ ಆ ಹುಡುಗಿಗೆ ಹೆಸರೇ ಇರಲಿಲ್ಲ. ಅಲ್ಲದೆ ಅವಳ ತಲೆನೋವು ಬೇರೆಯದಾಗಿತ್ತು. "ಈ ಸಲ ಯಾವ ದಾರಿ ಇಡೋದು ಅಂತಾನೇ ತಿಳೀತಿಲ್ಲ. ಪ್ರತಿ ವರ್ಷ ಹತ್ತೋ ಕಡೆ ಗಿಡುಗ ಗೂಡು ಕಟ್ಟಿದೆ. ಮರಿ ಹಾರೋ ತನಕ ಆ ಕಡೆ ತಲೆ ಹಾಕ್ಬೇಡಿ ಅಂದಿದ್ದಾರೆ ಅರಣ್ಯದವರು. ಸುಲಭನೂ ಇರ್ಬೇಕು, ಕೂತ ಕಡೆಯಿಂದ ಜನಕ್ಕೂ ಕಾಣ್ಬೇಕು, ಏನ್ಮಾಡ್ಲಿ?"

"ಮೆಟ್ಟಿಲು ಇದೆಯಲ್ಲ," ಎಂದಳು ಮೊಳೆ.

"ಯಾವುದು, ಈಗ ಓದಿದ್ನಲ್ಲ ಅದಾ?"

"ಹೂಂ. ಬಯಲಿನ ಎದುರಿಗೇ ಇದೆ. ಸಂಘದ ಕೈಪಿಡೀಲಿ ಸುಲಭ ಅಂತಲೇ ಬರೆದಿದೆ. ನಡೆಯೋ ದಪ್ಪ ಬೂಟು ಹಾಕ್ಕೊಂಡೇ ಹತ್ತಿದ್ದೀನಿ ಅಂತ ಅಧ್ಯಕ್ಷರೇ ಬರೆದಿದ್ದಾರೆ. ಬೇಕಾದ್ರೆ ತೆಗೆದು ನೋಡಿ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಾರ್ಯದರ್ಶಿಯ ಮುಖ ಅರಳಿತು. ತಲೆಯ ಮೇಲಿನ ಭಾರ ಇಳಿಯಿತು ಎನ್ನುತ್ತ ಪುಸ್ತಕ ಎತ್ತಿಕೊಂಡು ಹೊರಟಳು.

ಬಾಗಿಲು ಮುಚ್ಚಿದ ಮೇಲೆ ತಂಗಿ ಸೂಜಿ ಕೆಳಗಿಟ್ಟಳು. "ಅಕ್ಕಾ, ಏನು ಮಾಡ್ದೆ ನೀನು?"

"ನಾನೇನು ಮಾಡ್ದೆ? ಅವರ ಪುಸ್ತಕ ಅವರಿಗೆ ಓದಿ ಹೇಳ್ದೆ."

"ಬೇಡ ಕಣೆ. ಮುಗಿದುಹೋದ ಮಾತು. ಬರ್ಕೊಳ್ಲಿ ಬಿಡು."

"ಇಷ್ಟು ದಿನ ಕೈಪಿಡೀಲಿತ್ತು. ಇನ್ಮೇಲೆ ಚರಿತ್ರೆ ಆಗುತ್ತೆ. ನಾವಿಬ್ರು ಸತ್ತ ಮೇಲೂ ನೀನು ಅಜಾಗರೂಕಳೇ," ಎಂದಳು ಮೊಳೆ. ಅಧ್ಯಕ್ಷನ ಎಡ ಷೂವನ್ನು ಕಾಲಿನಾಕಾರದ ಮರದಚ್ಚಿಗೆ ಏರಿಸಿ, ಬಿಸಿಗಾಳಿ ಹಿಡಿದು, ಹಳೆಯ ಸೋಲನ್ನು ಇಕ್ಕಳದಿಂದ ಚರ್ಮ ಸುಲಿದ ಹಾಗೆ ಒಂದೇ ಸಮನೆ ಎಳೆದಳು.

ಆ ದಾರಿಯನ್ನು ಮೊದಲು ಹತ್ತಿದ್ದು ಮೊಳೆ ಮತ್ತು ಅವಳ ಅತ್ತಿಗೆ, ಮೂವತ್ತು ವರ್ಷದ ಕೆಳಗೆ. ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ತೀರಿಕೊಂಡು ಬಹಳ ಕಾಲವಾಯಿತು. ಗಟ್ಟಿಗಿತ್ತಿ. ಸಂಘದವರು ಉತ್ತರದ ಹಿಮಶಿಖರಕ್ಕೆ ಮೊದಲ ಸಲ ಹೋದಾಗ ಅವರ ಜೊತೆ ಅವಳೂ ತುದಿ ಮುಟ್ಟಿದ್ದಳು. ಆ ದಿನದ ಫೋಟೊ ಸಂಘದ ಹಜಾರದಲ್ಲಿ ಈಗಲೂ ಇದೆ: ಐದು ಜನ ಗಂಡಸರು, ಒಂದು ಬಾವುಟ. ತೆಗೆದವಳು ಅತ್ತಿಗೆ. ಕ್ಯಾಮೆರಾ ಹಿಡಿದವರು ಫೋಟೊದಲ್ಲಿ ಬರುವುದಿಲ್ಲವಲ್ಲ. ಚೌಕಟ್ಟಿನ ಕೆಳಗೆ 'ಶಿಖರ ಮುಟ್ಟಿದ ಐವರು' ಎಂದು ಬರೆಸಿದರು. "ಆರನೆಯವಳು ಗಾಳೀಲಿ ತೇಲ್ತಾ ಫೋಟೊ ತೆಗೆದ್ಲು," ಎಂದು ಅತ್ತಿಗೆ ಕಂಡಕಂಡವರ ಹತ್ತಿರ ಹೇಳಿ ನಗುತ್ತಿದ್ದಳು. ನಕ್ಕಳೇ ಹೊರತು ಆ ಹಜಾರದಲ್ಲಿ ಮತ್ತೆ ಕೂರಲಿಲ್ಲ.

ಊರಾಚೆಯ ದೊಡ್ಡ ಬಂಡೆಯ ನಟ್ಟನಡುವೆ ಅರ್ಧ ತೆರೆದ ಪುಸ್ತಕದಂಥ ಒಂದು ಮೂಲೆ ಇದೆ. ಮೂಲೆಯ ಬುಡದಲ್ಲಿ ಒಂದು ಕಲ್ಲಿನ ಕಟ್ಟೆ. ಕಟ್ಟೆಯ ತನಕ ಯಾರು ಬೇಕಾದರೂ ಏರಬಹುದು, ಅಲ್ಲಿಯವರೆಗೆ ಅದು ನಿಜಕ್ಕೂ ಮೆಟ್ಟಿಲೇ. ಅಲ್ಲಿಂದ ಮೇಲೆ ಎರಡು ನುಣುಪು ಗೋಡೆಗಳು. ಬೆರಳು ತೂರಿಸಲು ಬಿರುಕಿಲ್ಲ, ಹಗ್ಗ ಸಿಕ್ಕಿಸಲು ಜಾಗವಿಲ್ಲ. ಒಂದು ಕಾಲನ್ನು ಈ ಗೋಡೆಗೆ, ಇನ್ನೊಂದನ್ನು ಆ ಗೋಡೆಗೆ ಒತ್ತಿ, ಅಂಗೈ ಊರಿ, ಬರೀ ಒತ್ತಡದ ಮೇಲೆ ಏರಬೇಕು. ನಡುವೆ ಒಂದು ಕಡೆ ಎಡಗಾಲನ್ನು ಕಣ್ಣಿಗೆ ಕಾಣದ ಕಡೆಗೆ ಚಾಚಿ ಒಂದು ಗುಳಿಯನ್ನು ತಡವಿ ಹುಡುಕಬೇಕು. ಅದು ಸಿಗುವ ತನಕ ಮೇಲಕ್ಕೂ ಹೋಗುವಂತಿಲ್ಲ, ಕೆಳಕ್ಕೂ ಬರುವಂತಿಲ್ಲ. ಅಲ್ಲಿಂದ ಬಿದ್ದರೆ ಹಗ್ಗ ತಡೆಯುವ ಮೊದಲು ಕಟ್ಟೆ ತಡೆಯುತ್ತದೆ.

ಅವತ್ತು ಮುಂದೆ ಹತ್ತಿದವಳು ಮೊಳೆ. ಗುಳಿ ಸಿಗದೆ ಒದ್ದಾಡುವಾಗ ಸಂಘದ ಗಂಡಸರನ್ನೆಲ್ಲ ಸೇರಿಸಿ ತನಗೇ ಕೇಳಿಸದಷ್ಟು ಮೆತ್ತಗೆ ಒಂದು ಕೊಳಕು ಬೈಗುಳ ಬೈದಳು. ಎಷ್ಟೋ ಕೆಳಗೆ ನೆಲದ ಮೇಲೆ ಹಗ್ಗ ಹಿಡಿದು ನಿಂತಿದ್ದ ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಇಬ್ಬರೂ ಬೇಕೆಂದೇ ಪರೀಕ್ಷೆ ಮಾಡಿ ನೋಡಿದರು. ಆ ಮೂಲೆಯೊಳಗೆ ಪಿಸುಗುಟ್ಟಿದ್ದೆಲ್ಲ ಕೆಳಗಿನ ಬಯಲಿಗೆ ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಬಯಲಿನ ಮಾತು ಮೂಲೆಗೂ ಹಾಗೇ. ಬಂಡೆಯ ಆಕಾರವೇ ಅಂಥದು. ಅಲ್ಲಿ ಹತ್ತಿದ ಯಾರಿಗೂ ಇದು ತಿಳಿಯದೆ ಇರುವುದಿಲ್ಲ, ಹತ್ತದವರಿಗೆ ತಿಳಿಯುವ ದಾರಿಯೇ ಇಲ್ಲ.

ಮೊದಲು ಹತ್ತಿದವರು ದಾರಿಗೆ ಹೆಸರಿಡುವುದು, ಎಷ್ಟು ಕಷ್ಟ ಎಂದು ಹೇಳುವುದು ಬಂಡೆ ಹತ್ತುವವರಲ್ಲಿ ನಡೆದುಬಂದ ಪದ್ಧತಿ. ಸಂಘದ ಒಬ್ಬರು ಹತ್ತಿ ನೋಡಿ ಹೌದು ಎನ್ನಬೇಕು, ಅಷ್ಟೇ. ಅವರಿಬ್ಬರು 'ಕಲ್ಲುಕಿವಿ' ಎಂದು ಹೆಸರು ಕೊಟ್ಟರು, 'ಅತಿ ಕಠಿಣ' ಎಂದು ಬರೆದರು. ಹೌದು ಎನ್ನಬೇಕಾಗಿದ್ದವನು ಆಗ ದಾರಿಗಳ ಸಮಿತಿಯಲ್ಲಿದ್ದ, ಈಗಿನ ಅಧ್ಯಕ್ಷ. ಕೈಪಿಡಿಯಲ್ಲಿ ಅಚ್ಚಾದದ್ದು ಹೀಗೆ: ಅಡುಗೆಮನೆ ಮೆಟ್ಟಿಲು. ಸುಲಭ. ಬೂಟು ಹಾಕಿಕೊಂಡೇ ಹತ್ತಿ ನೋಡಲಾಗಿದೆ.

ಮೊಳೆ ಹೋಗಿ ಜಗಳ ತೆಗೆದಳು. ಅವನು ನಗುತ್ತಲೇ, "ಹೆಂಗಸರಿಬ್ಬರು ಹತ್ತಿದ ಮೇಲೆ ಅದು ಇನ್ನೆಷ್ಟು ಕಷ್ಟ ಇರೋಕೆ ಸಾಧ್ಯ ಹೇಳಮ್ಮ," ಎಂದ. ಸುತ್ತ ಕೂತವರೂ ನಕ್ಕರು. ಅವನು ಆ ಮೂಲೆಗೆ ಕಾಲೇ ಇಟ್ಟಿಲ್ಲ ಎಂಬುದು ಅವಳಿಗೆ ಅಲ್ಲೇ ಖಾತ್ರಿಯಾಯಿತು. ಮೂಲೆಯಲ್ಲಿ ಮಾತಾಡಿದರೆ ಏನಾಗುತ್ತದೆ ಹೇಳಿ ನೋಡೋಣ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅತ್ತಿಗೆ ಹಿಂದಿನಿಂದ ಅವಳ ಮೊಣಕೈ ಚಿವುಟಿದಳು. ಹೊರಗೆ ಬಂದ ಮೇಲೆ, "ಅದನ್ನ ಇಟ್ಕೊ," ಎಂದಳು. "ಇವತ್ತು ಹೇಳಿದ್ರೆ ನಾಳೆ ಕೇಳಿ ತಿಳ್ಕೊಂಡು ಗೊತ್ತಿತ್ತು ಅಂತಾನೆ. ಇಟ್ಕೊ, ಒಂದಿನ ಬೇಕಾಗುತ್ತೆ."

ತಂಗಿಗೆ ಆಗ ಇನ್ನೂ ಎರಡು ಜಡೆಯ ವಯಸ್ಸು, ಹತ್ತುವ ಹುಚ್ಚು ಹೊಸದು. "ಅದು ತುಂಬಾ ಕಷ್ಟ ಇದೆ, ನಾನಿಲ್ದೆ ಹೋಗ್ಬೇಡ," ಎಂದು ಅಕ್ಕ ಹೇಳಿದ್ದಳು. ಕೈಪಿಡಿ ಸುಲಭ ಎಂದಿತ್ತು. ಅಕ್ಕ ಊರಲ್ಲಿಲ್ಲದ ಒಂದು ಭಾನುವಾರ ಗೆಳತಿಯನ್ನು ಕಟ್ಟಿಕೊಂಡು ಹೋದಳು. ಗುಳಿ ಸಿಗಲಿಲ್ಲ. ಮಂಡಿಯ ಚಿಪ್ಪು ಕಟ್ಟೆಯ ಮೇಲೆ ಪುಡಿಯಾಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಅಕ್ಕನಿಗೆ ಹೇಳಿದ ಮೊದಲ ಮಾತು, "ನೀನು ಜಂಭ ಕೊಚ್ಕೊಳ್ತಿದೀಯ ಅಂದ್ಕೊಂಡೆ ಕಣೆ."

ಮೊಳೆಯ ಹೊಟ್ಟೆಯಲ್ಲಿ ಮೂವತ್ತು ವರ್ಷ ಉರಿದದ್ದು ಆ ಮಾತು. ಅವನು ಬರೆದ ಒಂದು ಪದ ಅವಳ ಮನೆಯ ಹೊಸ್ತಿಲು ದಾಟಿ ಒಳಗೆ ಬಂದು, ಅವಳ ಮಾತಿಗಿಂತ ಎತ್ತರದ ಜಾಗದಲ್ಲಿ ಕೂತಿತ್ತು. ಎದುರಿಗೆ ಸರ್ ಎನ್ನುತ್ತಿದ್ದಳು. ಮನಸ್ಸಿನಲ್ಲಿ ಅವನಿಗೆ ಬಹುವಚನ ನಿಲ್ಲಿಸಿ ಅಷ್ಟೇ ವರ್ಷವಾಗಿತ್ತು.

ಇಷ್ಟು ಕಾಲ ಬೇರೆ ಯಾರೂ ಅದನ್ನು ಬಯಲಿಗೆಳೆಯಲಿಲ್ಲ. ನುರಿತವರು ಅಡುಗೆಮನೆ ಎಂಬ ಹೆಸರು ಕೇಳಿಯೇ ಮೂಗು ಮುರಿಯುತ್ತಿದ್ದರು. ಹೊಸಬರನ್ನು ಅಪಘಾತವಾದ ಮೇಲೆ ಅಲ್ಲಿಗೆ ಬಿಡುತ್ತಿರಲಿಲ್ಲ. ಯಾರೂ ನೋಡದಾಗ ಹೋಗಿ, ಕಟ್ಟೆಯ ತನಕ ಏರಿ, ಬೆವರೊರೆಸಿಕೊಂಡು ಇಳಿದುಬಂದ ನಾಲ್ಕಾರು ಗಂಡಸರಿದ್ದರು. ಅಡುಗೆಮನೆ ಮೆಟ್ಟಿಲು ಹತ್ತಲಾಗಲಿಲ್ಲ ಎಂದು ಅವರು ಯಾರ ಮುಂದೆ ಹೇಳಿಯಾರು? ಬಾಯಿಗೆ ಬೀಗ ಹಾಕಿಕೊಂಡರು.

ಸೋಲ್ ಕೂರಿಸುವ ಕೆಲಸದಲ್ಲಿ ಕಾಯುವುದೇ ಮುಖ್ಯ. ಷೂವಿನ ಅಡಿಗೆ ಒಂದು ಸಲ, ರಬ್ಬರಿಗೆ ಒಂದು ಸಲ ಅಂಟು ಬಳಿಯಬೇಕು, ಒಣಗಬೇಕು, ಮತ್ತೆ ಬಳಿಯಬೇಕು. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತ ಮೊಳೆ ನಿಂತುಬಿಟ್ಟಳು. ಎರಡನೆಯ ಸಲದ ಅಂಟು ಹಸಿಯಿರುವಾಗಲೇ ಸೋಲ್ ಒತ್ತಿದರೆ ನೋಡಲು ಏನೂ ತಿಳಿಯುವುದಿಲ್ಲ. ನಡೆದರೂ ತಿಳಿಯುವುದಿಲ್ಲ. ಪೂರ್ತಿ ಮೈಭಾರ ಹೆಬ್ಬೆರಳ ಮೇಲೆ ಬಿದ್ದಾಗ ಮಾತ್ರ ಮೂತಿ ಬಾಯಿ ತೆರೆಯುತ್ತದೆ.

"ಅಕ್ಕಾ," ಎಂದಳು ತಂಗಿ ಕಿಟಕಿಯಿಂದ. "ಕೈ ಯಾಕೆ ನಿಂತೋಯ್ತು?"

"ಯೋಚನೆ ಮಾಡ್ತಿದ್ದೆ."

"ಆ ಥರ ಯೋಚನೆ ಮಾಡಿದ್ರೆ ನಾನೇ ಹೋಗಿ ಅವನಿಗೆ ಹೇಳ್ತೀನಿ."

"ಮಾಡಲ್ಲ ಬಿಡೆ. ಷೂ ಕೈಕೊಡ್ತು ಅನ್ನೋಕೆ ನಾನೇ ಅವನಿಗೆ ದಾರಿ ಮಾಡಿಕೊಡ್ಲಾ?"

ಆ ಜೋಡಿಗೆ ಅವಳು ಮಾಡಿದಂಥ ಕೆಲಸ ಬೇರೆ ಯಾರಿಗೂ ಮಾಡಿರಲಿಲ್ಲ. ಬೇರೆ ಊರಿನಿಂದ ತರಿಸಿ ಎತ್ತಿಟ್ಟಿದ್ದ ಮೆತ್ತನೆಯ ರಬ್ಬರನ್ನು ಕತ್ತರಿಸಿದಳು, ಬೆರಳಿಗೆ ಹತ್ತದಷ್ಟು ಅಂಟು ಒಣಗುವ ತನಕ ಕಾದಳು, ಬಿಸಿ ಮಾಡಿ ಒತ್ತಿದಳು, ಸುತ್ತಿಗೆಯಿಂದ ಅಂಚು ಅಂಚಿಗೂ ತಟ್ಟಿದಳು, ಸಾಣೆಗೆ ಹಿಡಿದು ಬ್ಲೇಡಿನ ಹಾಗೆ ಅಂಚು ತಂದಳು. ಅವನು ಬಿದ್ದು ಕಾಲು ಮುರಿದುಕೊಳ್ಳಲಿ ಎಂದು ಅವಳಿಗಿರಲಿಲ್ಲ. ಅವನ ಬಾಯಿಂದ ಅವಳಿಗೆ ಒಂದು ಮಾತು ಬೇಕಿತ್ತು. ಅದು ಬಂದಾಗ ಅವನ ಹತ್ತಿರ ನೆಪ ಒಂದೂ ಉಳಿದಿರಬಾರದು.

ಷೂ ಒಯ್ಯಲು ಅಧ್ಯಕ್ಷ ತಾನೇ ಬಂದ. ಅರವತ್ತರ ಹತ್ತಿರದ ಗಟ್ಟಿ ಆಳು. ಸಾಧಾರಣ ದಾರಿಗಳನ್ನು ಈಗಲೂ ಸಲೀಸಾಗಿ ಹತ್ತುತ್ತಿದ್ದ.

"ಏನಮ್ಮ ಮೊಳೆ, ತುಕ್ಕು ಹಿಡಿದಿಲ್ಲ ತಾನೆ?"

"ದಿನಾ ಎಣ್ಣೆ ಹಾಕ್ಕೊಳ್ತೀನಿ ಸರ್."

ಅವನು ಷೂ ತೊಟ್ಟು, ಅಂಗಡಿಯ ಗೋಡೆಗೆ ಮೂತಿ ಒತ್ತಿ ನಿಂತು ನೋಡಿದ. "ಭೇಷ್. ಇದನ್ನ ಹಾಕ್ಕೊಂಡ್ರೆ ಗೋಡೆ ಮೇಲೆ ನಡೀಬಹುದು."

"ಚೆನ್ನಾಗಿದೆ ಅಂತ ಎಲ್ಲರಿಗೂ ಹೇಳಿ ಸರ್, ನಾಲ್ಕು ಜನ ಬರ್ತಾರೆ," ಎಂದಳು ತಂಗಿ.

"ಹೇಳ್ದೆ ಇರ್ತೀನಾ." ಷೂ ಕಳಚುತ್ತ, ಏನೂ ಅಲ್ಲವೆಂಬಂತೆ ಕೇಳಿದ, "ಆ ಮೆಟ್ಟಿಲು ಈಗ ಹೇಗಿದೆಯಮ್ಮ? ನಾನು ಹತ್ತಿ ಬಹಳ ವರ್ಷ ಆಯ್ತು ನೋಡು."

"ಬಂಡೆ ಅಲ್ವಾ ಸರ್. ಇದ್ದ ಹಾಗೇ ಇದೆ."

"ಆ ಮೂಲೇಲಿ ಕೈಗೆ ಹಿಡಿತ ಎಲ್ಲ ಸಿಗುತ್ತೆ ತಾನೆ?"

ತಂಗಿಯ ಸೂಜಿ ನಿಂತಿತು. ಹಿಡಿತ ಎಂಬುದೇ ಇಲ್ಲದ ಜಾಗ ಅದು.

"ನೀವು ಹತ್ತಿದಾಗ ಸಿಕ್ಕಿರಬೇಕಲ್ಲ ಸರ್," ಎಂದಳು ಮೊಳೆ. ಮತ್ತೆ ಹೇಳಿದಳು, "ಅನುಮಾನ ಇದ್ರೆ ದಾರಿ ಬದಲಾಯಿಸಿ. ಇಲ್ಲ ಮುಂಚೆನೇ ಒಂದಿನ ಹೋಗಿ ಹತ್ತಿ ನೋಡೋಣ, ಹಗ್ಗ ನಾನು ಹಿಡೀತೀನಿ."

ಅವಳು ಅದನ್ನು ಮನಸ್ಸಿಟ್ಟೇ ಹೇಳಿದ್ದಳು. ಅವನು ಬಂದಿದ್ದರೆ ಹಿಡಿಯುತ್ತಿದ್ದಳು ಕೂಡ, ಆ ಒಂದು ಮಾತು ಅಲ್ಲೇ, ಯಾರೂ ಇಲ್ಲದೆ, ಮುಗಿದುಹೋಗುತ್ತಿತ್ತು. ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. "ಅಡುಗೆಮನೆಗೆ ಹೋಗೋಕೂ ಅಭ್ಯಾಸ ಮಾಡ್ಕೊಂಡು ಹೋಗ್ಬೇಕಾ?"

ನಗುವಿನಲ್ಲಿ ಭಯವಿರಲಿಲ್ಲ. ಮೊಳೆಗೆ ಆಗ ಒಂದು ವಿಷಯ ಹೊಳೆಯಿತು: ಅವನು ಆ ಪದವನ್ನು ನಂಬಿದ್ದ. ಹತ್ತಿದ್ದೇನೆ ಎಂದದ್ದು ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಸುಲಭ ಎಂಬುದನ್ನು ಮಾತ್ರ ಮನಸಾರೆ ನಂಬಿದ್ದ. ಇಬ್ಬರು ಹೆಂಗಸರು ಹತ್ತಿದ್ದು ತನಗೆ ಕಷ್ಟವಾಗಬಹುದು ಎಂಬ ಯೋಚನೆ ಅವನ ತಲೆಯೊಳಗೆ ಬರಲು ಬಾಗಿಲೇ ಇರಲಿಲ್ಲ.

ಉತ್ಸವದ ಬೆಳಿಗ್ಗೆ ಅಕ್ಕತಂಗಿಯರು ಬಂಡೆಯ ಹಿಂಬದಿಯ ಕಾಲುದಾರಿ ಹಿಡಿದು ತುದಿಗೆ ಹೋದರು. ತಂಗಿ ಕೋಲೂರಿಕೊಂಡು, ನಿಂತು ನಿಂತು, ದಾರಿಯುದ್ದಕ್ಕೂ ಗೊಣಗಿದಳು. "ಇಷ್ಟು ಜನಕ್ಕೆ ತಿಂಡಿ ಕೊಡ್ತಾರಂತೆ ಕೆಳಗೆ. ನಿನ್ನ ಮಾತು ಕೇಳಿ ನಾನು ಬಂಡೆ ಮೇಲೆ ಬಿಸಿಲು ಕುಡೀಬೇಕು." ಮೊಳೆಯ ಬೆನ್ನಿನ ಮೇಲೆ ಹಗ್ಗವಿತ್ತು. ತುದಿಯಲ್ಲಿ ಬಂಡೆಗೆ ಇಳಿಸಿದ್ದ ಕಬ್ಬಿಣದ ಬಳೆಗೆ ತನ್ನನ್ನು ಕಟ್ಟಿಕೊಂಡು, ಹಗ್ಗದ ಕೊನೆಗೆ ಒಂದು ಕೊಂಡಿ ಸಿಕ್ಕಿಸಿ, ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿದಳು. ತಂಗಿ ಪಕ್ಕದಲ್ಲಿ ಕಾಲು ಚಾಚಿ ಕೂತಳು.

ಕೆಳಗೆ ಸಾಲು ಸಾಲು ಕುರ್ಚಿ. ಮೈಕು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಕೆಂಪು ರಿಬ್ಬನ್ ಕಟ್ಟಿದ ಪುಸ್ತಕಗಳ ಅಟ್ಟಿ. ಪತ್ರಿಕೆಯವರು ಮುಂದಿನ ಸಾಲಿನಲ್ಲಿ. ಅಧ್ಯಕ್ಷ ಮೈಕಿನಲ್ಲಿ ಎರಡು ಮಾತಾಡಿದ. ಹಿಂದೆ ಇದನ್ನು ಬೂಟಿನಲ್ಲಿ ಹತ್ತಿದ್ದೆ, ಈಗ ವಯಸ್ಸಾಯಿತು, ಹತ್ತುವ ಷೂ ಹಾಕಿಕೊಂಡಿದ್ದೇನೆ ಎಂದ. ಜನ ನಕ್ಕರು. ಕಾರ್ಯದರ್ಶಿ ಬುಡದಲ್ಲಿ ನಿಂತು ಅವನ ಹಗ್ಗ ಹಿಡಿದಳು.

ಕಟ್ಟೆಯ ತನಕ ಅವನು ಚೆಂದ ಹತ್ತಿದ. ಕಟ್ಟೆಯ ಮೇಲೆ ನಿಂತು ಕೈ ಬೀಸಿದ, ಚಪ್ಪಾಳೆ ಬಿತ್ತು. ಆಮೇಲೆ ಮೂಲೆಯೊಳಗೆ ಮುಖ ಮಾಡಿ ನಿಂತ. ಅಲ್ಲೇ ತುಸು ಹೊತ್ತು ಹಾಗೇ ನಿಂತ. ಇಳಿದುಬಿಡಬಹುದಿತ್ತು. ಕುರ್ಚಿಗಳ ಕಡೆ ಒಂದು ಸಲ ತಿರುಗಿ ನೋಡಿ, ಎರಡು ಗೋಡೆಗೂ ಕಾಲೊತ್ತಿ ಏರತೊಡಗಿದ. ಷೂ ಕಲ್ಲನ್ನು ಕಚ್ಚಿ ಹಿಡಿಯುತ್ತಿದ್ದುದು ಮೇಲಿನಿಂದ ಮೊಳೆಗೆ ಕಾಣುತ್ತಿತ್ತು. ತನ್ನ ಕೆಲಸ ಕಂಡು ಅವಳಿಗೆ ಹೆಮ್ಮೆಯೇ ಆಯಿತು. ಗುಳಿಯ ಜಾಗ ಬಂತು. ಎಡಗಾಲು ಹೊರಗೆ ಚಾಚಿತು, ತಡವಿತು, ವಾಪಸು ಬಂತು. ಮತ್ತೆ ಚಾಚಿತು, ಮತ್ತೆ ಬಂತು. ಬಲಗಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ನಡುಗಲು ಶುರುವಾಯಿತು.

ಅವನು ತಲೆಯೆತ್ತಿದಾಗ ಅವಳ ಮುಖ ಕಂಡಿತು.

"ಮೇಲಿಂದ ಹಗ್ಗ ಬಿಡು, ಕೆಳಗಿನದು ಇಲ್ಲಿ ತಡೆಯಲ್ಲ," ಎಂದ, ಕುರ್ಚಿಗಳಿಗೆ ಕೇಳಬಾರದೆಂದು ಪಿಸುಗುಟ್ಟಿ.

ಮೊಳೆಯೂ ಪಿಸುಗುಟ್ಟಿದಳು. "ಹಗ್ಗ ಇದೆ ಸರ್. ಆದ್ರೆ ಸುಲಭದ ದಾರಿಗೆ ಹಗ್ಗ ಯಾಕೆ?"

"ಆಟ ಆಡ್ಬೇಡ. ಕಾಲು ನಿಲ್ತಿಲ್ಲ."

"ಬೂಟಲ್ಲಿ ಹತ್ತಿದಾಗ ಎಡಗಾಲು ಎಲ್ಲಿಟ್ಟಿದ್ರಿ? ನೆನಪು ಮಾಡ್ಕೊಳ್ಳಿ."

ಅವನ ಹಣೆಯಿಂದ ಬೆವರು ಕಲ್ಲಿನ ಮೇಲೆ ತೊಟ್ಟಿಕ್ಕಿತು. "ಹತ್ತಿಲ್ಲ," ಎಂದ.

"ಏನಂದ್ರಿ?"

"ನಾನು ಇದನ್ನ ಯಾವತ್ತೂ ಹತ್ತಿಲ್ಲ. ಕೆಳಗಿಂದ ನೋಡಿ ಬರೆದೆ. ಈಗ ಬಿಡಮ್ಮ."

"ಸುಲಭ ಅಂತ ಯಾಕೆ ಬರೆದ್ರಿ?"

"ನೀವು ಹತ್ತಿದ್ರಲ್ಲ, ಅದಕ್ಕೆ. ಹೆಂಗಸರು ಅತಿ ಕಠಿಣ ಹತ್ತಿದ್ರು ಅಂತ ಬರೆದಿದ್ರೆ ನಾವೆಲ್ಲ ಎಲ್ಲಿ ಮುಖ ಇಟ್ಕೋಬೇಕಿತ್ತು? ಆಯ್ತಾ? ಇದು ನಮ್ಮಿಬ್ಬರ ಮಧ್ಯೆ ಇರ್ಲಿ. ಹಗ್ಗ ಬಿಡು."

ಮೊಳೆ ಕೆಳಗಿನ ಬಯಲನ್ನು ನೋಡಿದಳು. ಒಂದು ಕುರ್ಚಿಯೂ ಅಲುಗುತ್ತಿರಲಿಲ್ಲ. ಎಲ್ಲ ಮುಖಗಳೂ ಮೇಲಕ್ಕೆತ್ತಿದ್ದವು, ಮೈಯೆಲ್ಲ ಕಿವಿಯಾಗಿ. ಮುಂದಿನ ಸಾಲಿನಲ್ಲಿ ಒಬ್ಬ ಬರೆದುಕೊಳ್ಳುತ್ತಿದ್ದ. ಅವಳಿಗೆ ಬೇಕಿದ್ದದ್ದು ಸಿಕ್ಕಿತ್ತು. ಕೊಂಡಿಯನ್ನು ಅಂಚಿನಿಂದ ಇಳಿಬಿಟ್ಟಳು. ಅದು ಅವನ ತಲೆಯಿಂದ ಒಂದು ಗೇಣು ಮೇಲೆ ಬಂದು ನಿಂತುಬಿಟ್ಟಿತು.

ತಿರುಗಿ ನೋಡಿದರೆ ತಂಗಿ ತನ್ನ ಒಳ್ಳೆಯ ಕಾಲನ್ನು ಹಗ್ಗದ ಮೇಲಿಟ್ಟಿದ್ದಳು.

"ಇನ್ನೂ ಇದೆ," ಎಂದಳು ತಂಗಿ.

"ತೆಗಿಯೇ. ಬೀಳ್ತಾನೆ."

"ಬಿದ್ರೆ ಕಟ್ಟೆ ಇದೆ. ನನಗೂ ಇತ್ತು."

ಮೂವತ್ತು ವರ್ಷ ಬಿಟ್ಟುಬಿಡು ಬಿಟ್ಟುಬಿಡು ಎಂದವಳು ಇವಳೇ. ಮೊಳೆ ತಂಗಿಯ ಮುಖ ನೋಡಿದಳು. ಅದರಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಕಾಲನ್ನು ಸರಿಸಲು ಮೊಳೆ ಕೈ ಚಾಚಲಿಲ್ಲ.

ತಂಗಿ ಅಂಚಿಗೆ ಬಾಗಿದಳು. "ಸರ್. ನಿಮ್ಮ ಪುಸ್ತಕದಲ್ಲಿ ಒಬ್ಬ ಹುಡುಗಿ ಇದ್ದಾಳಲ್ಲ, ಇಲ್ಲಿಂದ ಬಿದ್ದೋಳು. ಅವಳು ಯಾಕೆ ಬಿದ್ಲು?"

ಅವನ ಎರಡೂ ಕಾಲು ಈಗ ನಡುಗುತ್ತಿದ್ದವು. ಕೊಂಡಿಯ ಕಡೆ ಕೈಯೆತ್ತಲು ನೋಡಿದ, ಅಂಗೈ ಗೋಡೆ ಬಿಟ್ಟರೆ ಜಾರುತ್ತೇನೆಂದು ಗೊತ್ತಾಗಿ ಮತ್ತೆ ಊರಿದ. "ಕಷ್ಟ ಇತ್ತು, ಬಿದ್ಲು," ಎಂದ.

"ಅಜಾಗರೂಕತೆ ಅಂತ ಬರೆದಿದ್ದೀರಿ."

"ಅಲ್ಲ. ಅವಳದ್ದೇನೂ ತಪ್ಪಿಲ್ಲ. ನಾನು ಸುಲಭ ಅಂತ ಬರೆದಿದ್ದೆ, ನಂಬ್ಕೊಂಡು ಬಂದ್ಲು. ನನ್ನಿಂದ ಬಿದ್ಲು. ಸಾಕಾ? ತಾಯಿ, ಸಾಕಾ?"

ತಂಗಿ ಕಾಲು ತೆಗೆದಳು. ಕೊಂಡಿ ಇಳಿಯಿತು. ಅವನು ಒಂದು ಕೈ ಬಿಟ್ಟು ಅದನ್ನು ಸೊಂಟಕ್ಕೆ ಸಿಕ್ಕಿಸಿದ ಮರುಕ್ಷಣ ಎರಡೂ ಕಾಲು ಜಾರಿದವು. ಮೊಳೆ ಹಗ್ಗ ಬಿಗಿಹಿಡಿದಳು. ಅವನು ಮೂಲೆಯಲ್ಲಿ ತೂಗಾಡುತ್ತ ಉಸಿರು ತಿರುಗಿಸಿಕೊಳ್ಳುತ್ತಿದ್ದಾಗ ಕೆಳಗಿನಿಂದ, ಬುಡದಲ್ಲಿ ನಿಂತ ಕಾರ್ಯದರ್ಶಿಯ ದನಿ ಬಂತು. ಅವಳು ಕೂಗಿರಲಿಲ್ಲ. ಮೇಜಿನ ಆಚೆ ಕೂತವರಿಗೆ ಹೇಳುವಷ್ಟೇ ಮೆತ್ತಗೆ ಹೇಳಿದ್ದಳು.

"ನಮಗೆಲ್ಲ ಕೇಳಿಸ್ತು ಸರ್."

ಅವನು ಬೆಚ್ಚಿ ಕೆಳಗೆ ನೋಡಿದ, ಮೇಲೆ ನೋಡಿದ. ಬಂಡೆಯ ಎರಡು ಗೋಡೆಗಳನ್ನೂ ನೋಡಿದ.

"ಕಲ್ಲುಕಿವಿ ಅಂತ ಹೆಸರಿಟ್ಟಿದ್ವಿ ಸರ್," ಎಂದಳು ಮೊಳೆ. "ಹೆಸರು ಬದಲಾಯಿಸಿದ್ದು ನೀವು."

ಅವನನ್ನು ಎಳೆದು ತುದಿಗೆ ತರುವಷ್ಟರಲ್ಲಿ ಅವಳ ಅಂಗೈ ಕೆಂಪಗಾಗಿತ್ತು. ಮೇಲಿನ ಹಗ್ಗ ಹಿಡಿದವನು ಹತ್ತಿದಂತಲ್ಲ ಎಂಬುದು ಸಂಘದ ನಿಯಮ. ಅದನ್ನು ಅವಳು ನೆನಪಿಸುವ ಅಗತ್ಯವಿರಲಿಲ್ಲ, ಬರೆದವನು ಅವನೇ. ಈ ಗಳಿಗೆಯಲ್ಲಿ ತನಗೆ ಅವನ ಮೇಲೆ ಕನಿಕರ ಹುಟ್ಟಬಹುದೆಂದು ಅವಳು ಹಿಂದಿನ ದಿನ ಸ್ವಲ್ಪ ಹೆದರಿದ್ದಳು. ಹುಟ್ಟಲಿಲ್ಲ. ಕೆಳಗೆ ಕಾರ್ಯದರ್ಶಿ ಸೊಂಟದಿಂದ ಹಗ್ಗ ಬಿಚ್ಚಿ, ಮೇಜಿನ ಬಳಿ ಹೋಗಿ, ಬಿಳಿ ಬಟ್ಟೆಯ ನಾಲ್ಕು ಮೂಲೆ ಹಿಡಿದು, ರಿಬ್ಬನ್ ಕಟ್ಟಿದ ಪುಸ್ತಕಗಳ ಮೇಲೆ ಮುಚ್ಚುತ್ತಿದ್ದುದು ಕಾಣುತ್ತಿತ್ತು. ಪತ್ರಿಕೆಯವರು ಆಗಲೇ ಹಿಂಬದಿಯ ಕಾಲುದಾರಿಯತ್ತ ಹೊರಟಿದ್ದರು.

ಅಧ್ಯಕ್ಷ ನೆಲದ ಮೇಲೆ ಕೂತು, ಲೇಸ್ ಬಿಚ್ಚಿ ಷೂ ಕಳಚಿದ. ಯಾರ ಮುಖವನ್ನೂ ನೋಡಲಿಲ್ಲ. ತಂಗಿ ಕೋಲು ಚಾಚಿ ಒಂದು ಷೂವನ್ನು ತನ್ನ ಕಡೆಗೆ ಎಳೆದುಕೊಂಡು, ಮಗುಚಿ, ಅಂಚನ್ನು ಉಗುರಿನಿಂದ ಕೆರೆದು ನೋಡಿದಳು.

"ಸೋಲ್ ಎಲ್ಲಾದ್ರೂ ಬಿಟ್ಕೊಂಡಿತಾ ಸರ್?"

ಅವನು ಇನ್ನೊಂದು ಷೂವನ್ನು ಪಕ್ಕಕ್ಕೆ ಸರಿಸಿದ.

"ಅಂಗಡಿ ಮರ್ಯಾದೆ ಪ್ರಶ್ನೆ, ಅದಕ್ಕೆ ಕೇಳ್ತಿದ್ದೀನಿ. ಜಾರಿತಾ?"

"ಇಲ್ಲ," ಎಂದ ಅವನು ಕೊನೆಗೆ. "ಷೂ ಚೆನ್ನಾಗಿತ್ತು."

"ಹಾಗಾದ್ರೆ ಕೇಳಿದವರಿಗೆಲ್ಲ ಹಾಗೇ ಹೇಳಿ," ಎಂದಳು ತಂಗಿ, ಷೂವನ್ನು ಅವನ ಮುಂದೆ ಜೋಡಿಸಿಟ್ಟು. ಆಮೇಲೆ ಏಳಿಸೆಂದು ಅಕ್ಕನ ಕಡೆ ಕೈ ಚಾಚಿದಳು.